ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಇಲ್ಲದ ಕಾಲಮ್

ನಮ್ಮ ಕಡೆಯ ಯಾವ ಸರಕಾರಿ ಸಾಲಿಗೆ ಹೋದರೂ ಮುಖ್ಯಾಧ್ಯಾಪಕರ ಕಪಾಟಿನಲ್ಲಿ ಒಂದು ದಪ್ಪ ವಹಿ ಇರುತ್ತದೆ. ಅದರ ಹೆಸರು ಡೆಡ್ ಸ್ಟಾಕ್ ರಜಿಸ್ಟರ್. ಬೆಂಚು, ಮೇಜು, ಹಿತ್ತಾಳೆ ಗಂಟೆ, ಭೂಪಟ, ಗ್ಲೋಬು ಎಲ್ಲವೂ ಕ್ರಮಸಂಖ್ಯೆ ಹೊತ್ತು ಅದರಲ್ಲಿ ಕೂತಿವೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಸಾಲಿನಲ್ಲಿ ಕಂಪ್ಯೂಟರೂ ಬಂದು ಕೂತಿತು. ಯಾವ ಯೋಜನೆಯಲ್ಲಿ ಬಂತು, ಎಷ್ಟು ಬಂತು, ಯಾವ ತಾರೀಖಿಗೆ ಬಂತು, ಬೆಲೆ ಎಷ್ಟು ಎಂಬುದೆಲ್ಲ ಅಲ್ಲಿದೆ. ಅದು ನಿಂತುಹೋದ ದಿನ ಯಾರು ಚಾಲೂ ಮಾಡಿದರು, ಹೇಗೆ ಮಾಡಿದರು, ಆ ಉಪಾಯ ಅವರಿಗೆ ಯಾರಿಂದ ಬಂತು ಎಂದು ಬರೆಯಲು ಮಾತ್ರ ಆ ವಹಿಯಲ್ಲಿ ಕಾಲಮ್ಮೇ ಇಲ್ಲ. ಈ ಲೇಖನ ಆ ಇಲ್ಲದ ಕಾಲಮ್ಮಿನ ಇತಿಹಾಸ.

ಅಮೆರಿಕದಂಥ ದೇಶಗಳಲ್ಲಿ ಬಹಳಷ್ಟು ಶಾಲಾ ಜಿಲ್ಲೆಗಳಿಗೆ ಪ್ರತ್ಯೇಕ ತಂತ್ರಜ್ಞರ ತಂಡ ಇರುತ್ತದೆ. ಜಾಲ ನೋಡಿಕೊಳ್ಳಲು ಒಬ್ಬರು, ಯಂತ್ರ ರಿಪೇರಿಗೆ ಇನ್ನೊಬ್ಬರು, ಶಿಕ್ಷಕರಿಗೆ ಕಲಿಸಲು ಮತ್ತೊಬ್ಬರು. ನಮ್ಮ ಧಾರವಾಡ ಜಿಲ್ಲೆಯಲ್ಲಿ ಆ ಕೆಲಸ ಮಾಡಿದವರ ಹುದ್ದೆಯ ಹೆಸರುಗಳೇ ಬೇರೆ. ಗಣಿತ ಕಲಿಸುವ ಮಾಸ್ತರರು, ವಿಜ್ಞಾನದ ಅಕ್ಕೋರು, ಕರಾರಿನ ಮೇಲೆ ಬಂದ ಕಂಪ್ಯೂಟರ್ ಬೋಧಕರು, ಬ್ಲಾಕ್ ಸಂಪನ್ಮೂಲ ಕೇಂದ್ರ, ಅಂದರೆ ಬಿ.ಆರ್.ಸಿ.ಯ ಡೇಟಾ ಎಂಟ್ರಿ ಆಪರೇಟರ್, ಬಿಇಓ ಕಚೇರಿಯ ಎಂಐಎಸ್ ಸಂಯೋಜಕರು, ಕ್ಲಸ್ಟರಿನ ಸಿಆರ್‌ಪಿ. ಇವರೆಲ್ಲ ಸೇರಿದರೆ ಅದೇ ನಮ್ಮ ಐಟಿ ವಿಭಾಗ. ಯಾವ ಸರಕಾರಿ ಆದೇಶವೂ ಈ ವಿಭಾಗವನ್ನು ಸ್ಥಾಪಿಸಲಿಲ್ಲ. ಒಬ್ಬರಿಗೊಬ್ಬರು ಫೋನು ಹಚ್ಚಿ ಕೇಳುತ್ತ, ಹೇಳುತ್ತ ಅದು ತಾನಾಗಿ ಕಟ್ಟಿಕೊಂಡಿತು.

ಜಿಲ್ಲೆಯ ನಕ್ಷೆ

1997ರಲ್ಲಿ ಗದಗ, ಹಾವೇರಿ ಬೇರೆಯಾದ ಮೇಲೆ ಉಳಿದ ಧಾರವಾಡ ಜಿಲ್ಲೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಏಳು ವಲಯ: ಧಾರವಾಡ ಶಹರ, ಧಾರವಾಡ ಗ್ರಾಮೀಣ, ಹುಬ್ಬಳ್ಳಿ ಶಹರ, ಹುಬ್ಬಳ್ಳಿ ಗ್ರಾಮೀಣ, ಕಲಘಟಗಿ, ಕುಂದಗೋಳ, ನವಲಗುಂದ. ಇಡೀ ಬೆಳಗಾವಿ ವಿಭಾಗದ ಅಪರ ಆಯುಕ್ತರ ಕಚೇರಿ ಇರುವುದು ಬೆಳಗಾವಿಯಲ್ಲಲ್ಲ, ಧಾರವಾಡದಲ್ಲಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ಶಿಕ್ಷಕರ ಶಿಕ್ಷಣ ಮಹಾವಿದ್ಯಾಲಯ, ಉಪನಿರ್ದೇಶಕರ ಕಚೇರಿ ಇವೂ ಅದೇ ಊರಿನಲ್ಲಿವೆ. ಹೀಗಾಗಿ ಕಾಗದಪತ್ರಕ್ಕೆ ಧಾರವಾಡಕ್ಕೆ ಬಂದ ಮಾಸ್ತರರು ಹಿಂತಿರುಗುವ ದಾರಿಯಲ್ಲಿ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಗೆ ಹೋಗಿ ಒಂದು ಮೌಸೋ ಕೇಬಲ್ಲೋ ಕೊಂಡು ಊರಿನ ಬಸ್ಸು ಹತ್ತುವುದು ವಾಡಿಕೆಯಾಯಿತು. ಸುಮಾರು ಇಪ್ಪತ್ತು ಕಿಲೋಮೀಟರಿನ ಹುಬ್ಬಳ್ಳಿ-ಧಾರವಾಡ ರಸ್ತೆಯೇ ನಮ್ಮ ಸರಬರಾಜು ಮಾರ್ಗ. ಅನುಭವದ ಮಾತುಗಳೂ ಅದೇ ಬಸ್ಸಿನಲ್ಲಿ ಓಡಾಡಿದವು.

ಯಂತ್ರಕ್ಕೆ ನೆಲದ ಗುಣವೂ ತಟ್ಟುತ್ತದೆ. ಕಲಘಟಗಿ ಕಡೆ ಮಲೆನಾಡಿನ ಸೆರಗು. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಬೋರ್ಡಿನ ಮೇಲೆ ಪಾಚಿಯಂಥ ಹಸಿರು ಕಟ್ಟುತ್ತದೆ. ನವಲಗುಂದ, ಕುಂದಗೋಳ ಎರಿ ಭೂಮಿ. ಬೇಸಗೆಯಲ್ಲಿ ನೆಲ ಬಿರಿದಾಗ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಸಿಪಿಯು ಮುಟ್ಟಿದವರಿಗೆ ಝುಮ್ಮೆನ್ನುತ್ತದೆ. ಆ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಬೇಸಗೆಯಲ್ಲಿ ವಾರಕ್ಕೊಮ್ಮೆ ಕೊಡ ನೀರು ಹೊಯ್ಯಬೇಕೆಂಬುದು ಕಂಪ್ಯೂಟರ್ ಪುಸ್ತಕದಲ್ಲಿ ಸಿಗುವ ಮಾತಲ್ಲ. ಎರಿ ನೆಲದ ಒಬ್ಬ ಮಾಸ್ತರರು ಇನ್ನೊಬ್ಬರಿಗೆ ಹೇಳಬೇಕಾದ ಮಾತು.

ಮಠಪತ್ರಿಕೆಯ ಮೊಮ್ಮಕ್ಕಳು

ಶಿಕ್ಷಕರು ಶಿಕ್ಷಕರಿಗೇ ಹೇಳಿಕೊಳ್ಳುವ ರೂಢಿ ಈ ಸೀಮೆಗೆ ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಮುಂಬಯಿ ಪ್ರಾಂತದ ಕನ್ನಡ ಸಾಲಿಗಳಿಗಾಗಿ 1860ರ ದಶಕದಲ್ಲಿಯೇ ‘ಮಠಪತ್ರಿಕೆ’ ಹೊರಟಿತ್ತು. ಇಲ್ಲಿ ಮಠ ಎಂದರೆ ಸಾಲಿ. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲಿಗಳನ್ನು ಎಬ್ಬಿಸಿ ನಿಲ್ಲಿಸಿದ ಕಾಲ ಅದು. ಮುಂದೆ ವೆಂಕಟ ರಂಗೋ ಕಟ್ಟಿಯವರಂಥವರು ಶಾಲಾಪತ್ರಿಕೆಯ ಪರಂಪರೆ ಬೆಳೆಸಿದರು. ಹೆಸರು ಬದಲಾಗುತ್ತ ಬಂದ ಆ ಧಾರೆಯೇ ಇಂದು ಧಾರವಾಡದ ಡಯಟ್‌ನಿಂದ ಹೊರಡುವ ‘ಜೀವನ ಶಿಕ್ಷಣ’ ಮಾಸಪತ್ರಿಕೆ. ಹಳ್ಳಿಯ ಏಕೋಪಾಧ್ಯಾಯ ಸಾಲಿಯ ಮಾಸ್ತರನಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಆ ಹಾಳೆಗಳೇ ಊರಾಚೆಯ ಸಹೋದ್ಯೋಗಿಗಳ ಸಹವಾಸ.

ಯಂತ್ರದ ಪರಿಚಯವೂ ಮೊದಲು ಆದದ್ದು ರೇಡಿಯೋದಿಂದ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಮುಂದೆ ರೇಡಿಯೋ ಪಾಠಗಳು ಬಂದಾಗ ಸಾಲಿಗೊಂದು ರೇಡಿಯೋ ಸೆಟ್ಟು ಬಂತು. ಸೆಲ್ಲು ತೀರಿದರೆ ಪಾಠವೂ ತೀರಿತು ಎಂಬ ಸತ್ಯ ನಮಗೆ ಆಗಲೇ ಗೊತ್ತಾಗಿತ್ತು. ಯಂತ್ರ ಕೊಡುವವರು ಸೆಲ್ಲಿನ ಲೆಕ್ಕ ಇಟ್ಟಿರುವುದಿಲ್ಲ. ಅದು ಸಾಲಿಯ ಪಾಲಿಗೆ ಬೀಳುತ್ತದೆ. ಮುಂದಿನ ಎಲ್ಲ ಯೋಜನೆಗಳಲ್ಲೂ ಇದೇ ಪಾಠ ಬೇರೆ ಬೇರೆ ವೇಷದಲ್ಲಿ ಬಂತು.

ಯಂತ್ರ ಬಂದ ಬಗೆ

ದೇಶದ ಸಾಲಿಗಳಿಗೆ ಕಂಪ್ಯೂಟರ್ ತರುವ ಮೊದಲ ದೊಡ್ಡ ಯತ್ನ 1984-85ರ ‘ಕ್ಲಾಸ್’ ಯೋಜನೆ. ಆಗ ಬಂದದ್ದು ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಯಂತ್ರ. ಅದರ ಕೀಲಿಮಣೆಯ ಪೆಟ್ಟಿಗೆಯೊಳಗೇ ಇಡೀ ಕಂಪ್ಯೂಟರ್ ಅಡಗಿತ್ತು. ಆಯ್ದ ಕೆಲವು ಸಾಲಿಗಳಿಗಷ್ಟೇ ಅದು ತಲುಪಿತು.

ಕರ್ನಾಟಕದ ಸರಕಾರಿ ಪ್ರೌಢಶಾಲೆಗೆ ಕಂಪ್ಯೂಟರ್ ನಿಜವಾಗಿ ಬಂದದ್ದು 2001ರ ಸುಮಾರಿಗೆ, ‘ಮಾಹಿತಿ ಸಿಂಧು’ ಯೋಜನೆಯಲ್ಲಿ. ಸುಮಾರು ಸಾವಿರ ಸಾಲಿಗಳಲ್ಲಿ ಖಾಸಗಿ ತರಬೇತಿ ಕಂಪನಿಗಳು ಲ್ಯಾಬು ಹಾಕಿ ತಮ್ಮ ಬೋಧಕರನ್ನೇ ಇಟ್ಟವು. ಅದೇ ಹೊತ್ತಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಪ್ರಾಥಮಿಕ ಸಾಲಿಗಳಿಗೆ ಕಂಪ್ಯೂಟರ್ ಕೇಂದ್ರಗಳನ್ನೂ ಕನ್ನಡದ ಪಾಠದ ಸಿ.ಡಿ.ಗಳನ್ನೂ ಕೊಟ್ಟಿತು. ಕೆಲವು ವರ್ಷಗಳ ಮೇಲೆ ಆ ಸಂಸ್ಥೆಯೇ ಯಂತ್ರದಿಂದ ಶಿಕ್ಷಕರ ಕಡೆಗೆ ತನ್ನ ಒತ್ತು ತಿರುಗಿಸಿತು. 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹ ಹಾರಿತು. ಬೆಂಗಳೂರಿನ ಪಾಠ ಹಳ್ಳಿಯ ಟಿ.ವಿ.ಗೆ ಇಳಿಯುವ ಕನಸು ಅದರೊಂದಿಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರದ ‘ಐಸಿಟಿ @ ಸ್ಕೂಲ್ಸ್’ ಯೋಜನೆ ಜಾರಿಯಾಯಿತು. ಕರ್ನಾಟಕದಲ್ಲಿ ಅದು ಹಂತ ಹಂತವಾಗಿ ಬಂದು, ಮೂರನೇ ಹಂತದಲ್ಲಿ ರಾಜ್ಯದ ನಾಲ್ಕು ಸಾವಿರಕ್ಕೂ ಹೆಚ್ಚು ಸರಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳನ್ನು ಮುಟ್ಟಿತು.

ಈ ಲ್ಯಾಬುಗಳು ಬಂದದ್ದು ‘ಬೂಟ್’ ಎಂಬ ಕರಾರಿನಲ್ಲಿ. ಕಂಪನಿ ತನ್ನ ಹಣದಿಂದ ಲ್ಯಾಬು ಕಟ್ಟಬೇಕು, ಐದು ವರ್ಷ ಬೋಧಕರನ್ನಿಟ್ಟು ನಡೆಸಬೇಕು, ಸರಕಾರ ಕಂತಿನಲ್ಲಿ ಹಣ ಕೊಡಬೇಕು, ಐದು ವರ್ಷ ಮುಗಿದ ದಿನ ಎಲ್ಲವನ್ನೂ ಸಾಲಿಗೆ ಒಪ್ಪಿಸಿ ಹೊರಡಬೇಕು. ಕಾಗದದ ಮೇಲೆ ಲೆಕ್ಕ ಸರಿ. ಸಾಲಿಯೊಳಗೆ ಆದದ್ದೇ ಬೇರೆ. ಲ್ಯಾಬಿನ ಕೀಲಿ ಬೋಧಕರ ಕೈಯಲ್ಲಿತ್ತು. ಮಾಸ್ತರರಿಗೆ ಅದು ಬಾಡಿಗೆದಾರರ ಕೋಣೆಯಂತೆ ಕಂಡಿತು. ಗಣಿತದವರು ಗಣಿತ ಕಲಿಸಿದರು, ಕಂಪ್ಯೂಟರಿನವರು ಕಂಪ್ಯೂಟರ್ ಕಲಿಸಿದರು, ಎರಡಕ್ಕೂ ನಂಟು ಬೀಳಲಿಲ್ಲ. ಆರನೆಯ ವರ್ಷ ಬೋಧಕರು ಹೊರಟಾಗ ಹಸ್ತಾಂತರದ ಪಟ್ಟಿಯಲ್ಲಿ ಮಾನಿಟರು, ಯುಪಿಎಸ್, ಜನರೇಟರು ಎಲ್ಲ ಇದ್ದವು. ಅವರ ಬೆರಳಿನ ಬಲ್ಲತನ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಯಾವ ತಂತಿ ಎಲ್ಲಿಗೆ, ಯಾವ ಪಾಸ್‌ವರ್ಡು ಯಾವುದಕ್ಕೆ ಎಂಬುದೂ ಅವರೊಂದಿಗೇ ಬಸ್ಸು ಹತ್ತಿತು.

ಆ ಬೋಧಕರನ್ನು ದೂರುವುದು ನ್ಯಾಯವಲ್ಲ. ಕಡಿಮೆ ಸಂಬಳಕ್ಕೆ ಐದು ವರ್ಷದ ಕರಾರಿನಲ್ಲಿ ದುಡಿದ ಹುಡುಗ ಹುಡುಗಿಯರು ಅವರು. ಎಷ್ಟೋ ಮಾಸ್ತರರಿಗೆ ಮೌಸು ಹಿಡಿಯಲು ಕಲಿಸಿದವರೂ ಅವರೇ. ಕಲಿತ ಮಾಸ್ತರರ ಹೆಸರು ಇಲಾಖೆಯ ತರಬೇತಿ ಪಟ್ಟಿಗಳಲ್ಲಿ ಉಳಿದಿದೆ. ಕಲಿಸಿದ ಈ ಹುಡುಗರ ಹೆಸರನ್ನು ಯಾವ ಸಾಲಿಯ ವಹಿಯೂ ಇಟ್ಟುಕೊಳ್ಳಲಿಲ್ಲ.

ಫೋನಿನ ಮೇಲೆ ರಿಪೇರಿ

ಬೋಧಕರು ಹೋದ ಮೇಲೆ ಲ್ಯಾಬು ಮುಚ್ಚಿದ ಸಾಲಿಗಳಿವೆ, ಮುಚ್ಚದ ಸಾಲಿಗಳೂ ಇವೆ. ವ್ಯತ್ಯಾಸ ಹಣದ್ದಾಗಿರಲಿಲ್ಲ. ಫೋನು ಹಚ್ಚಿ ಕೇಳಲು ಆ ಸಾಲಿಗೆ ಯಾರಾದರೂ ಇದ್ದರೋ ಇಲ್ಲವೋ ಎಂಬುದಷ್ಟೇ. ಇಂಥ ಮಾತುಕತೆ ನಮ್ಮಲ್ಲಿ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ:

“ಸರ್ರ, ನಮ್ಮ ಮಿಷನ್ ಬೀಪ್ ಬೀಪ್ ಅಂತದ, ಪರದಿ ಮ್ಯಾಲ ಏನೂ ಬರವಲ್ದು.”

“ಎಷ್ಟ ಸಲ ಅಂತದ್ರಿ ಅಕ್ಕೋರ?”

“ಮೂರ ಸಲ.”

“ಹಂಗಾರ ರ್‍ಯಾಮ್ ಇರಬೇಕ್ರಿ. ಮೊದಲ ಪ್ಲಗ್ ತಗೀರಿ ಮತ್ತ. ಆ ಪಟ್ಟಿ ಬಿಚ್ಚಿ, ಹುಡುಗೂರ ರಬ್ಬರಲೇ ಅದರ ಬಂಗಾರದ ಹಲ್ಲ ತಿಕ್ಕಿ, ಕಟ್ ಅನ್ನೂ ತನಕ ಒತ್ತಿ ಕೂಡಸ್ರಿ.”

ಎರಡು ರೂಪಾಯಿಯ ರಬ್ಬರಿನಲ್ಲಿ ಮುಗಿದ ರಿಪೇರಿ ಅದು. ಹೊರಗಿನಿಂದ ಮೆಕ್ಯಾನಿಕ್ ಕರೆಸಿದರೆ ಬರುವ ಹೋಗುವ ಖರ್ಚನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಹಾಕುವುದೆಂಬುದೇ ಒಂದು ತಲೆನೋವು. ಇಂಥ ಸಣ್ಣ ಬಲ್ಲತನಗಳು ಒಂದೊಂದಾಗಿ ಸೇರಿ ಒಂದು ಶಾಸ್ತ್ರವೇ ಆಯಿತು. ಕಂಪ್ಯೂಟರಿನ ತಾರೀಖು ಪದೇ ಪದೇ ಹಿಂದಕ್ಕೆ ಓಡಿದರೆ ಒಳಗಿನ ಬಿಲ್ಲೆ ಸೆಲ್ಲು ಸತ್ತಿದೆ. ನಂಬರು ಸಿಆರ್ 2032, ಕೈಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರು ಇಲಾಖೆಯ ತಾಣವನ್ನು ನಂಬಲೊಲ್ಲದು. ಇಂಟರ್ನೆಟ್ ಕೆಟ್ಟಿದೆ ಎಂದು ದೂರು ಕೊಡುವ ಮುಂಚೆ ಮೂಲೆಯ ಗಡಿಯಾರ ನೋಡಬೇಕು. ಪ್ರೊಜೆಕ್ಟರು ಬಂದ್ ಮಾಡಿದ ಕೂಡಲೇ ಪ್ಲಗ್ ಕೀಳಬಾರದು. ಫ್ಯಾನು ನಿಲ್ಲುವ ತನಕ ಕಾಯದಿದ್ದರೆ ದೀಪ ಬೇಗ ಸಾಯುತ್ತದೆ. ಯುಪಿಎಸ್ ಬ್ಯಾಟರಿಗೆ ಬೋರಿನ ನೀರು ಹಾಕಬಾರದು, ಡಿಸ್ಟಿಲ್ಡ್ ವಾಟರೇ ಆಗಬೇಕು. ದೀಪಾವಳಿ ಸೂಟಿಗೆ ಮುಂಚೆ ಸಿಪಿಯುವಿನ ಹಿಂದಿನ ತೂತುಗಳನ್ನು ರಟ್ಟಿನಿಂದ ಮುಚ್ಚಬೇಕು, ಇಲ್ಲವಾದರೆ ಇಲಿ ಬೆಚ್ಚಗೆ ಮರಿ ಹಾಕುತ್ತದೆ.

ಸರಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕೆಂಬ ನಿಯಮ 2012ರಲ್ಲಿ ಬಂತು. ಅದರ ಪಠ್ಯದಿಂದ ಕಡತ ತೆರೆಯುವುದು, ಪತ್ರ ಬರೆಯುವುದು ಬಂದೀತು. ಇಲಿಯ ವಿಚಾರ ಸಹೋದ್ಯೋಗಿಗಳಿಂದಲೇ ಬರಬೇಕು.

ವಿಷಯ ಶಿಕ್ಷಕರ ವೇದಿಕೆ

ಈ ಬಾಯಿಮಾತಿಗೆ ಮೊದಲ ಸಲ ಒಂದು ಸಂಸ್ಥೆಯ ರೂಪ ಸಿಕ್ಕದ್ದು 2011ರಲ್ಲಿ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು (ಡಿಎಸ್‌ಇಆರ್‌ಟಿ) ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದಡಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ, ‘ವಿಷಯ ಶಿಕ್ಷಕರ ವೇದಿಕೆ’ಯನ್ನು ಆರಂಭಿಸಿತು. ಬಾಯಿಗೆ ಸುಲಭವಾದ ಹೆಸರು ಎಸ್‌ಟಿಎಫ್. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಈ ಮೂರರಿಂದ ಶುರುವಾಗಿ ಮುಂದೆ ಭಾಷೆಗಳಿಗೂ ಮುಖ್ಯಾಧ್ಯಾಪಕರಿಗೂ ಹರಡಿತು. ರಾಜ್ಯಮಟ್ಟದಲ್ಲಿ ಕಲಿತ ಸಂಪನ್ಮೂಲ ಶಿಕ್ಷಕರು ಜಿಲ್ಲೆಗಳಿಗೆ ಮರಳಿ ಡಯಟ್‌ಗಳ ಲ್ಯಾಬಿನಲ್ಲಿ ತಮ್ಮವರಿಗೆ ಕಲಿಸಿದರು.

ಈ ಕಾರ್ಯಾಗಾರಗಳ ಮೊದಲ ದಿನದ ದೃಶ್ಯ ಈಗಲೂ ಹಲವರ ಕಣ್ಣಿಗೆ ಕಟ್ಟಿದೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ ಮೌಸಿನ ಮೇಲೆ ನಡುಗುತ್ತಿತ್ತು. ಮೊದಲು ಮಾಡಿಸಿದ್ದು ಒಂದು ಇ-ಮೇಲ್ ವಿಳಾಸ. ಮನೆಗೆ ಹೋಗುವಾಗ ಆ ವಿಳಾಸ ಜಿಲ್ಲೆಯ, ರಾಜ್ಯದ ಅದೇ ವಿಷಯದ ಶಿಕ್ಷಕರ ಗುಂಪಿಗೆ ಸೇರಿರುತ್ತಿತ್ತು. ಅಲ್ಲಿ ಒಬ್ಬರು ಪ್ರಶ್ನೆಪತ್ರಿಕೆ ಹಂಚಿದರೆ ಇನ್ನೊಬ್ಬರು ಪ್ರಯೋಗದ ಚಿತ್ರ ಹಾಕಿದರು. ಮಠಪತ್ರಿಕೆಯ ಮಾಸ್ತರನಿಗೆ ತಿಂಗಳು ಹಿಡಿಯುತ್ತಿದ್ದ ಉತ್ತರ ಈಗ ಅದೇ ಸಂಜೆಗೆ ಬರುತ್ತಿತ್ತು.

ಯಂತ್ರದ ಕಡೆಯಿಂದಲೂ ಇದೊಂದು ತಿರುವು. ಎಸ್‌ಟಿಎಫ್ ನೆಚ್ಚಿಕೊಂಡದ್ದು ಮುಕ್ತ ತಂತ್ರಾಂಶವನ್ನು. ಉಬುಂಟು ಎಂಬ ಕಾರ್ಯವ್ಯವಸ್ಥೆಯ ಸಿ.ಡಿ. ಯಾರ ಅಪ್ಪಣೆಯೂ ಇಲ್ಲದೆ ಕೈಯಿಂದ ಕೈಗೆ ಹೋಗಬಹುದಿತ್ತು. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ರೂಪಿಸಿದ ಜಿಯೋಜಿಬ್ರಾ ನಮ್ಮ ಗಣಿತದವರ ಕಣ್ಮಣಿಯಾಯಿತು. ಹಲಗೆಯ ಮೇಲೆ ವೃತ್ತದ ಸ್ಪರ್ಶಕ ಎಳೆದು ಅಳಿಸಿ ಬೇಸತ್ತವರಿಗೆ, ಬಿಂದುವನ್ನು ಹಿಡಿದು ಎಳೆದರೆ ಚಿತ್ರವೇ ಓಡುವುದು ಕಂಡು ಹುಡುಗರಿಗಿಂತ ಮೊದಲು ತಾವೇ ಬೆರಗಾದದ್ದುಂಟು. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳು ವಿಜ್ಞಾನದವರಿಗೆ, ಸ್ಟೆಲೇರಿಯಮ್ಮಿನ ಆಕಾಶ ಎಲ್ಲರಿಗೆ.

ಉಬುಂಟು ಹಳ್ಳಿಗೆ ಹಿಡಿಸಿದ್ದಕ್ಕೆ ತತ್ವಕ್ಕಿಂತ ದೊಡ್ಡ ಕಾರಣ ಪೆನ್‌ಡ್ರೈವಿನ ವೈರಸ್ಸು. ಆ ವರ್ಷಗಳಲ್ಲಿ ಪೆನ್‌ಡ್ರೈವು ಹಾಕಿದರೆ ಕಡತಗಳೆಲ್ಲ ಶಾರ್ಟ್‌ಕಟ್ಟಾಗಿ ಕಾಣುವ ಪಿಡುಗು ಇತ್ತು. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೋಯಿತೆಂದು ತಲೆಯ ಮೇಲೆ ಕೈ ಹೊತ್ತವರಿಗೆ, ಅದೇ ಪೆನ್‌ಡ್ರೈವನ್ನು ಉಬುಂಟುವಿನಲ್ಲಿ ತೆರೆದು, ಅಡಗಿಸಿಟ್ಟ ಕಡತಗಳೆಲ್ಲ ಅಲ್ಲೇ ಇರುವುದನ್ನು ತೋರಿಸಿಕೊಟ್ಟರೆ ಸಾಕು. ಮುಂದೆ ಭಾಷಣ ಬೇಕಾಗುತ್ತಿರಲಿಲ್ಲ.

ವೇದಿಕೆಯ ಎರಡನೆಯ ಕೈ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’. ವಿಕಿಪೀಡಿಯದ ಬಗೆಯಲ್ಲಿ, ಶಿಕ್ಷಕರೇ ಬರೆದು ಶಿಕ್ಷಕರೇ ತಿದ್ದುವ ಪಾಠಗಳ ಕೋಶ ಅದು. ಇಲಾಖೆಯಿಂದ ಸಾಲಿಗೆ ಇಳಿದು ಬರುವ ಸುತ್ತೋಲೆಯ ದಾರಿಯನ್ನಷ್ಟೇ ಕಂಡಿದ್ದ ನಮಗೆ, ಸಾಲಿಯಿಂದ ಹೊರಟು ಸಾಲಿಗೇ ಹೋಗುವ ಈ ದಾರಿ ಹೊಸದು. ಪಾಠದ ವಿಷಯ ಅಲ್ಲಿ ದಾಖಲಾಯಿತು. ಯಂತ್ರ ನಡೆಸುವ ವಿದ್ಯೆ ಮಾತ್ರ ಬಹುಮಟ್ಟಿಗೆ ಫೋನಿನಲ್ಲೇ ಉಳಿಯಿತು.

ಎಫ್ ಕೀಲಿಯ ಕಥೆ

ಕನ್ನಡ ಬರೆಯುವುದೇ ಒಂದು ಬೇರೆ ಅಧ್ಯಾಯ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಸರಕಾರಿ ಕಚೇರಿಗಳ ಭಾಷೆಯಾಯಿತು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿಯ ಕೀಲಿಮಣೆಯಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ‘ಎಫ್’ ಒತ್ತಬೇಕು. ಕಲಿಸುವವರು ನಮ್ಮ ಊರಿನ ಉದಾಹರಣೆಯನ್ನೇ ಕೊಡಬಹುದು: ‘ಹುಬ್ಬಳ್ಳಿ’ ಎಂದು ಬರೆಯಲು ಎಫ್ ಎರಡು ಸಲ ಬೇಕು, ‘ಧಾರವಾಡ’ಕ್ಕೆ ಒಂದು ಸಲವೂ ಬೇಡ. ಧಾರವಾಡದವರು ಇದನ್ನೂ ತಮ್ಮ ಸೌಮ್ಯ ಸ್ವಭಾವಕ್ಕೆ ಸಾಕ್ಷಿ ಮಾಡಿಕೊಂಡಾರು.

ನಿಜವಾದ ಕಷ್ಟ ಅಕ್ಷರ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದಾಗ ಬಂತು. ನುಡಿಯ ಹಳೆಯ ಫಾಂಟಿನಲ್ಲಿ ರಾತ್ರಿಯೆಲ್ಲ ಕೂತು ಟೈಪು ಮಾಡಿದ ಪ್ರಶ್ನೆಪತ್ರಿಕೆ ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತಿತ್ತು. ಹೀಗಾಗಿ ಅನುಭವಿಗಳ ಪೆನ್‌ಡ್ರೈವಿನಲ್ಲಿ ಯಾವಾಗಲೂ ಒಂದು ಫಾಂಟುಗಳ ಗಂಟು ಇರುತ್ತಿತ್ತು, ಹಳೆಯ ಮಂದಿ ಪ್ರವಾಸಕ್ಕೆ ಹೊರಟಾಗ ಬುತ್ತಿ ಕಟ್ಟಿಕೊಂಡಂತೆ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯುನಿಕೋಡ್ ಕನ್ನಡ ತಂದಿತ್ತು. ಆದರೂ ರೂಢಿ ಬದಲಾಗಲು ವರ್ಷಗಳೇ ಬೇಕಾದವು. ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವುದು, ಪರಿವರ್ತಿಸಿದ ಮೇಲೆ ಅರ್ಕಾವತ್ತು ಸರಿಯಾಗಿ ಕೂತಿದೆಯೋ ನೋಡುವುದು, ಉಬುಂಟುವಿನಲ್ಲಿ ಕನ್ನಡ ಟೈಪಿಗಾಗಿ ಐಬಸ್ ಹೊಂದಿಸುವುದು, ಗುಬ್ಬಿ, ನವಿಲು ಫಾಂಟು ಹಾಕುವುದು ಇವೆಲ್ಲ ಒಬ್ಬರು ಇನ್ನೊಬ್ಬರ ಪಕ್ಕ ಕೂತು ಕಲಿಸಿದ ವಿದ್ಯೆಗಳು.

ರಾತ್ರಿ ಹನ್ನೊಂದರ ಮೇಲೆ

ಕಂಪ್ಯೂಟರ್ ಮೊದಲು ಹುಡುಗರಿಗಾಗಿ ಬಂತು. ಹತ್ತೇ ವರ್ಷದಲ್ಲಿ ಅದು ಕಚೇರಿಗಾಗಿ ದುಡಿಯತೊಡಗಿತು. ಸಂಬಳದ ಬಿಲ್ಲು ಎಚ್‌ಆರ್‌ಎಂಎಸ್‌ನಲ್ಲಿ, ಸಾಲಿಯ ವಿವರ ಯುಡೈಸ್‌ನಲ್ಲಿ, ಪ್ರತಿ ಮಗುವಿನ ವಿವರ ಸ್ಯಾಟ್ಸ್‌ನಲ್ಲಿ. ನಮ್ಮ ಜಿಲ್ಲೆಯ ಯಾವ ಸಾಲಿಯ ಯುಡೈಸ್ ಸಂಖ್ಯೆ ನೋಡಿದರೂ 2909ರಿಂದ ಆರಂಭವಾಗುತ್ತದೆ: 29 ಕರ್ನಾಟಕ, 09 ಧಾರವಾಡ. ಹನ್ನೊಂದು ಅಂಕಿಯ ಈ ಸಂಖ್ಯೆಯನ್ನು ಎಂಐಎಸ್ ಸಂಯೋಜಕರು ಮಗ್ಗಿಯಂತೆ ಬಾಯಲ್ಲಿ ಹೇಳಬಲ್ಲರು.

ಇಲ್ಲಿಯ ತೊಡಕು ಯಂತ್ರದ್ದಕ್ಕಿಂತ ಹೆಸರಿನದು. ನಮ್ಮ ಕಡೆ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ದಾಖಲಾತಿ ವಹಿಯಲ್ಲಿ ಒಂದು ಕಾಗುಣಿತ, ಆಧಾರಿನಲ್ಲಿ ಇನ್ನೊಂದು. ಬಸವರಾಜನ ಇಂಗ್ಲಿಷ್ ಕಾಗುಣಿತದ ಕೊನೆಯಲ್ಲಿ ‘ಎ’ ಇದೆಯೋ ಇಲ್ಲವೋ ಎಂಬುದರ ಮೇಲೆ ವಿದ್ಯಾರ್ಥಿವೇತನ ನಿಂತಿರುತ್ತದೆ. 2014ರ ನವೆಂಬರ್ 1ರಂದು ಹುಬ್ಳಿ ಅಧಿಕೃತವಾಗಿ ಹುಬ್ಬಳ್ಳಿಯಾಯಿತು, ನಾವೆಲ್ಲ ಸಂತೋಷಪಟ್ಟೆವು. ಹಳೆಯ ದಾಖಲೆಯ ‘ಹುಬ್ಳಿ’ಯನ್ನೂ ಹೊಸ ದಾಖಲೆಯ ‘ಹುಬ್ಬಳ್ಳಿ’ಯನ್ನೂ ಒಂದೇ ಊರೆಂದು ಕಂಪ್ಯೂಟರಿಗೆ ಒಪ್ಪಿಸುವ ಕೆಲಸ ಡೇಟಾ ಎಂಟ್ರಿಯವರಿಗೆ ಉಳಿಯಿತು.

ಕೊನೆಯ ತಾರೀಖು ಹತ್ತಿರ ಬಂದಾಗ ರಾಜ್ಯದ ಎಲ್ಲ ಸಾಲಿಗಳೂ ಒಮ್ಮೆಗೇ ಬಾಗಿಲು ತಟ್ಟುತ್ತವೆ. “ರಾತ್ರಿ ಹನ್ನೊಂದರ ಮ್ಯಾಲ ಕೂಡ್ರಿ, ಸರ್ವರ್ ಹಗುರ ಇರತದ” ಎಂಬುದು ಈ ವಿಭಾಗದ ಮೂಲಮಂತ್ರ. ಎಷ್ಟು ಮನೆಗಳಲ್ಲಿ ಅಕ್ಕೋರು ಊಟದ ಪಾತ್ರೆ ತೊಳೆದಿಟ್ಟು ಲ್ಯಾಪ್‌ಟಾಪ್ ತೆರೆದು ಕೂತರೋ, ಅದಕ್ಕೆ ಓವರ್‌ಟೈಮಿನ ವಹಿಯೂ ಇಲ್ಲ.

2016-17ರಿಂದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ, ಅಂದರೆ ಟಿಎಎಲ್‌ಪಿ ಬಂದಾಗ ಕೆಲವು ಹಳೆಯ ತಪ್ಪುಗಳು ತಿದ್ದಿಕೊಂಡವು. ಹೊರಗಿನ ಬೋಧಕರ ಬದಲು ಸಾಲಿಯ ಶಿಕ್ಷಕರಿಗೇ ತರಬೇತಿ ಕೊಟ್ಟು, ಲ್ಯಾಪ್‌ಟಾಪು, ಪ್ರೊಜೆಕ್ಟರು ತರಗತಿಯೊಳಗೆ ಬಂದವು. ಎಸ್‌ಟಿಎಫ್‌ನಲ್ಲಿ ಪಳಗಿದವರು ಇಲ್ಲಿ ಆಸರೆಯಾದರು. 2017ರ ಸೆಪ್ಟೆಂಬರ್ 5ರಂದು ‘ದೀಕ್ಷಾ’ ಎಂಬ ಡಿಜಿಟಲ್ ಪಾಠಗಳ ತಾಣ ಬಂದು, ಮುಂದೆ ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಚೌಕಗಳು ಮೂಡಿದವು.

2020ರ ಕೊರೋನಾ ಈ ಎಲ್ಲಕ್ಕೂ ಪರೀಕ್ಷೆಯಾಯಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬರುತ್ತಿತ್ತು. ಸಾಲಿ ಮುಚ್ಚಿದ್ದರಿಂದ ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ ‘ವಿದ್ಯಾಗಮ’ಕ್ಕಾಗಿ ಮಾಸ್ತರರು ಓಣಿ ಓಣಿ ತಿರುಗಿ ಸ್ಮಾರ್ಟ್‌ಫೋನ್ ಇದ್ದ ಮನೆ, ಬರೀ ಮಾತಾಡುವ ಫೋನು ಇದ್ದ ಮನೆ, ಏನೂ ಇಲ್ಲದ ಮನೆ ಎಂದು ಮೂರು ಪಟ್ಟಿ ಮಾಡಿದರು. ಗುಡಿಯ ಕಟ್ಟೆ, ಹೊರಸಾಲೆಗಳು ತರಗತಿಯಾದವು. ಪಾಠದ ವಿಡಿಯೋ ಸಣ್ಣದು ಮಾಡಿ ಕಳಿಸುವುದು, ಫೋನನ್ನು ಪುಸ್ತಕಗಳ ನಡುವೆ ನಿಲ್ಲಿಸಿ ಮೇಲಿಂದ ಪಾಟಿ ತೋರಿಸುವುದು ಇವೆಲ್ಲ ವಾರದೊಳಗೆ ಜಿಲ್ಲೆ ಸುತ್ತಿದವು. ಇಷ್ಟು ಬೇಗ ಸುತ್ತಲು ದಾರಿ ಮೊದಲೇ ಸವೆದಿತ್ತು.

ಕಾಸರಗೋಡಿನಿಂದ ಕಲಿಯಬೇಕಾದದ್ದು

ನಮ್ಮಲ್ಲಿ ಮಾಹಿತಿ ಸಿಂಧು ಬಂದ ಹೊತ್ತಿನಲ್ಲೇ ನಮ್ಮ ಕನ್ನಡದ್ದೇ ಇನ್ನೊಂದು ಸೀಮೆಯಲ್ಲಿ ಬೇರೊಂದು ದಾರಿ ಹಿಡಿದಿದ್ದರು. ಕೇರಳದ ‘ಐಟಿ @ ಸ್ಕೂಲ್’ ಯೋಜನೆ 2001ರಲ್ಲಿ ಶುರುವಾಗಿ, ಲ್ಯಾಬನ್ನು ಗುತ್ತಿಗೆಗೆ ಕೊಡದೆ ಪ್ರತಿ ಸಾಲಿಯಲ್ಲೂ ಒಬ್ಬ ಶಿಕ್ಷಕರನ್ನು ಐಟಿ ಸಂಯೋಜಕರೆಂದು ಗುರುತಿಸಿತು. ‘ಹಾರ್ಡ್‌ವೇರ್ ಕ್ಲಿನಿಕ್’ ಎಂಬ ಶಿಬಿರ ಹೂಡಿ, ಕೆಟ್ಟ ಯಂತ್ರಗಳನ್ನು ಒಂದೆಡೆ ತಂದು, ಶಿಕ್ಷಕರೂ ಮಕ್ಕಳೂ ಕೂಡಿ ಬಿಚ್ಚಿ ಜೋಡಿಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಕ್ಕಿತು. 2018ರಲ್ಲಿ ‘ಲಿಟಲ್ ಕೈಟ್ಸ್’ ಹೆಸರಿನ ಮಕ್ಕಳ ಕೂಟಗಳೂ ಬಂದವು. ಅಲ್ಲಿಯ ಶಿಕ್ಷಕರು ನಮ್ಮವರಿಗಿಂತ ಜಾಣರೆಂದಲ್ಲ. ನಾವು ಫೋನಿನಲ್ಲಿ ಮಾಡಿದ್ದನ್ನೇ ಅವರಿಗೆ ಹುದ್ದೆಯಾಗಿ, ಶಿಬಿರವಾಗಿ, ಪುಸ್ತಕವಾಗಿ ಮಾಡಿಕೊಟ್ಟರು.

ಹುಬ್ಬಳ್ಳಿ-ಧಾರವಾಡಕ್ಕೆ ಇದು ದೂರದ ಮಾತಾಗಬೇಕಿಲ್ಲ. 2015ರಲ್ಲಿ ಐಐಐಟಿ ಬಂತು, 2016ರಲ್ಲಿ ಐಐಟಿ ಬಂತು. 1947ರಲ್ಲಿ ಆರಂಭವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ವರ್ಷಕ್ಕೆ ಎರಡು ಶನಿವಾರ ಇಲ್ಲಿಯ ವಿದ್ಯಾರ್ಥಿಗಳು ಬಿ.ಆರ್.ಸಿ.ಗೆ ಬಂದು ಮಾಸ್ತರರ ಪಕ್ಕ ಕೂತರೆ, ಕಲಿಯುವುದು ಎರಡೂ ಕಡೆ ಇದೆ. ಎರಿ ನೆಲದ ಅರ್ಥಿಂಗ್ ಗುಂಡಿಯ ಪಾಠ ಅವರ ಪುಸ್ತಕದಲ್ಲೂ ಇರಲಿಕ್ಕಿಲ್ಲ.

ಒಂದು ಮನವಿ

ಇಪ್ಪತ್ತೈದು ವರ್ಷಗಳ ಈ ಕಥೆಯ ತೀರ್ಪು ಸರಳ. ಯಂತ್ರಗಳು ಟೆಂಡರಿನಿಂದ ಬಂದವು, ನಡೆದದ್ದು ಸಹೋದ್ಯೋಗಿಗಳಿಂದ. ಆದರೆ ಬಲ್ಲವರು ಕೌನ್ಸೆಲಿಂಗಿನಲ್ಲಿ ವರ್ಗವಾದರೆ ಇಲ್ಲವೆ ನಿವೃತ್ತರಾದರೆ, ಅವರು ಇಪ್ಪತ್ತು ವರ್ಷ ಕೂಡಿಹಾಕಿದ್ದು ಒಂದೇ ದಿನದಲ್ಲಿ ಸಾಲಿ ಬಿಟ್ಟು ಹೋಗುತ್ತದೆ. ಈಗ ಸೇವೆಯ ಕೊನೆಯ ವರ್ಷಗಳಲ್ಲಿರುವುದು ಮಾಹಿತಿ ಸಿಂಧುವಿನ ಕಾಲದಲ್ಲಿ ಮೌಸು ಹಿಡಿದ ಪೀಳಿಗೆಯೇ.

ಈ ಸಂಚಿಕೆ ಓದುವ ಪ್ರತಿ ಮುಖ್ಯಾಧ್ಯಾಪಕರಲ್ಲೂ ಸಂಯೋಜಕರಲ್ಲೂ ಒಂದೇ ಕೋರಿಕೆ. ಡೆಡ್ ಸ್ಟಾಕ್ ರಜಿಸ್ಟರಿನ ಕೊನೆಯ ಹಾಳೆಗಳು ಹೆಚ್ಚಿನ ಸಾಲಿಗಳಲ್ಲಿ ಖಾಲಿ ಇವೆ. ಆ ಹಾಳೆಯ ಮೇಲೆ ಸ್ಕೇಲಿಟ್ಟು ಐದು ಕಾಲಮ್ ಎಳೆಯಿರಿ: ತಾರೀಖು, ಯಾವ ಯಂತ್ರ, ಏನು ಕೆಟ್ಟಿತ್ತು, ಏನು ಮಾಡಿದೆವು, ಯಾರು ಹೇಳಿಕೊಟ್ಟರು. ವರ್ಷದ ಕೊನೆಗೆ ಅದರ ಒಂದು ಪ್ರತಿ ಬಿ.ಆರ್.ಸಿ.ಗೂ ಇನ್ನೊಂದು ‘ಜೀವನ ಶಿಕ್ಷಣ’ಕ್ಕೂ ಹೋಗಲಿ. ಐದನೆಯ ಕಾಲಮನ್ನು ಮಾತ್ರ ಖಾಲಿ ಬಿಡಬೇಡಿರಿ.